ಅಳತೆಗೆ ಸಿಗದ ಜಿಗಿತ

ಬಾಗಲಕೋಟೆ ಸೀಮೆಯಲ್ಲಿ ತುಳಸಿಗೇರಿ ಎಂದರೆ ಹನುಮಪ್ಪ. ಕಲಾದಗಿ ಹತ್ತಿರದ ಈ ಊರಿನ ದೇವರ ಜಾತ್ರೆಗೆ ಸುತ್ತಲಿನ ತಾಲ್ಲೂಕುಗಳ ಜನ ಬರುತ್ತಾರೆ. ನೂರು ಯೋಜನದ ಕಡಲನ್ನು ಒಂದೇ ನೆಗೆತಕ್ಕೆ ದಾಟಿದ ದೇವರು ಇವನು. ಸೀಮೆಯ ಗರಡಿಮನೆಗಳಲ್ಲೆಲ್ಲ ಇವನದೇ ಪೂಜೆ. ಆದರೆ ಗರಡಿಯಲ್ಲಿ ಕಲಿಸುವ ವಿದ್ಯೆಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋದರೆ ವಿಚಿತ್ರವೊಂದು ಕಾಣುತ್ತದೆ. ಸಾಮು ಇದೆ, ಬೈಠಕ್ ಇದೆ, ಕುಸ್ತಿಯ ಪಟ್ಟುಗಳಿವೆ, ಮಲ್ಲಕಂಬವಿದೆ, ಗುಂಡು ಎತ್ತುವುದಿದೆ. ಓಡಿ ಬಂದು ದೂರಕ್ಕೆ ಹಾರುವುದು ಮಾತ್ರ ಇಲ್ಲ.

ಈ ನೆಲಕ್ಕೆ ಮೈಗಸುವಿನ ಚರಿತ್ರೆಯೇನೂ ಕಡಿಮೆ ಇಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಊಟ, ಅಭ್ಯಾಸ, ಕಾಳಗ ಎಲ್ಲಕ್ಕೂ ಜಾಗವಿದೆ. ಮುಧೋಳ, ಜಮಖಂಡಿಗಳು 1948ರವರೆಗೂ ಸಂಸ್ಥಾನಗಳಾಗಿದ್ದವು, ಆಚೆಗೆ ಕುಸ್ತಿಗೆ ಆಸರೆ ಕೊಟ್ಟ ಕೊಲ್ಲಾಪುರವಿತ್ತು. ಒಂದು ಊರಿನ ಕಣದಲ್ಲಿ ಗೆದ್ದ ಪೈಲ್ವಾನನ ಹೆಸರು ಮುಂದಿನ ಜಾತ್ರೆಯ ಹೊತ್ತಿಗೆ ಇನ್ನೊಂದು ಊರು ಮುಟ್ಟಿರುತ್ತಿತ್ತು. ಗೆದ್ದವನಿಗೆ ಬೆಳ್ಳಿ ಕಡಗ, ರುಮಾಲು, ರೊಕ್ಕ. ಗುಂಡು ಎತ್ತಿದವನ ಸಾಧನೆಗೆ ದಾಖಲೆ ಪುಸ್ತಕವೂ ಬೇಕಿರಲಿಲ್ಲ. ಅವನು ಎತ್ತಿದ ಕಲ್ಲು ಗುಡಿಯ ಮುಂದೆಯೇ ಬಿದ್ದಿರುತ್ತದೆ, ಅನುಮಾನವಿದ್ದವನು ಹೋಗಿ ಎತ್ತಿ ನೋಡಬಹುದು.

ಜಿಗಿತಕ್ಕೆ ಅಂಥ ಸಾಕ್ಷಿ ಇಲ್ಲ. ಉಸುಕಿನ ಮೇಲೆ ಮೂಡಿದ ಹಿಮ್ಮಡಿಯ ಗುರುತನ್ನು ಅಳತೆಪಟ್ಟಿ ಹಿಡಿದು ಓದಬೇಕು, ಒಬ್ಬರು ಬರೆದುಕೊಳ್ಳಬೇಕು, ಆಮೇಲೆ ಹಲಗೆ ಎಳೆದು ಗುರುತು ಅಳಿಸಬೇಕು. ಬಿಳಿಯ ಬಾವುಟವನ್ನೋ ಕೆಂಪು ಬಾವುಟವನ್ನೋ ಎತ್ತುವವನೊಬ್ಬ ಬೇಕು. ಅಂದರೆ ಈ ಆಟ ಶಾಲೆ, ಕಾಲೇಜು, ದಂಡು, ಪೊಲೀಸ್ ಇಲಾಖೆಯಂಥ ಒಂದು ಸಂಸ್ಥೆಯ ಆಸರೆ ಇಲ್ಲದೆ ನಡೆಯದು. ನಮ್ಮಲ್ಲಿ ಲಾಂಗ್ ಜಂಪ್ ಬಂದದ್ದೇ ಇಂಗ್ಲಿಷ್ ಶಾಲೆಯ ಡ್ರಿಲ್ ಮಾಸ್ತರರ ಜೊತೆಗೆ. ಅದರ ತಮ್ಮನಂತಿರುವ ಟ್ರಿಪಲ್ ಜಂಪ್ ಬಂದದ್ದು ಇನ್ನೂ ತಡವಾಗಿ. ಹಳೆಯ ಹೆಸರು ಹಾಪ್, ಸ್ಟೆಪ್ ಅಂಡ್ ಜಂಪ್. ಪತ್ರಿಕೆಗಳು ಈಗ ತ್ರಿವಿಧ ಜಿಗಿತ ಎನ್ನುತ್ತವೆ.

ಆ ಆಟದಲ್ಲಿ ಕನ್ನಡ ನೆಲದಿಂದ ಹೊರಟು ಜಗತ್ತಿನ ಮುಂಚೂಣಿಯ ಜಿಗಿತಗಾರರ ಸಾಲಿಗೆ ಸೇರಿದವರು ಒಬ್ಬರಿದ್ದರು: ಹೆನ್ರಿ ರೆಬೆಲೊ. ಹುಟ್ಟಿದ್ದು 1928ರ ನವೆಂಬರಿನಲ್ಲಿ, ಲಕ್ನೋದಲ್ಲಿ. ಆಟಗಾರರಾಗಿ ಹೆಸರಾದದ್ದು ಬೆಂಗಳೂರಿನ ಹುಡುಗನೆಂದು, ಮೈಸೂರಿನ ಕ್ರೀಡಾಪಟುವೆಂದು. 1948ರಲ್ಲಿ, ಇನ್ನೂ ಇಪ್ಪತ್ತು ತುಂಬದ ಈ ಹುಡುಗ 50 ಅಡಿ 2 ಇಂಚು, ಅಂದರೆ 15.29 ಮೀಟರ್ ಹಾರಿದರು. ಐವತ್ತು ಅಡಿ ದಾಟುವುದು ಆ ಕಾಲದ ತ್ರಿವಿಧ ಜಿಗಿತದಲ್ಲಿ ಒಂದು ಗಡಿ. ಅದನ್ನು ದಾಟಿದವರ ಹೆಸರು ಒಲಿಂಪಿಕ್ ಪದಕದ ಲೆಕ್ಕಾಚಾರದಲ್ಲಿ ತಾನಾಗಿಯೇ ಸೇರುತ್ತಿತ್ತು.

ಈ ಸ್ಪರ್ಧೆಯ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಾಂಗ್ ಜಂಪಿನಲ್ಲಿ ಓಟದ ವೇಗವನ್ನೆಲ್ಲ ಒಂದೇ ಒದೆತಕ್ಕೆ ಸುರಿದರೆ ಕೆಲಸ ಮುಗಿಯಿತು. ಇಲ್ಲಿ ಹಾಗಲ್ಲ. ಯಾವ ಕಾಲಿನಿಂದ ನೆಗೆದರೋ ಅದೇ ಕಾಲಿನ ಮೇಲೆ ಇಳಿಯಬೇಕು. ಅಲ್ಲಿಂದ ಇನ್ನೊಂದು ಕಾಲಿಗೆ ದಾಟಬೇಕು. ಆ ಕಾಲಿನಿಂದ ಉಸುಕಿನ ಗುಂಡಿಗೆ ಹಾರಬೇಕು. ಕುಂಟಾಬಿಲ್ಲೆ ಆಡಿದ ಯಾವ ಹುಡುಗಿಗೂ ಮೊದಲ ಎರಡು ಹೆಜ್ಜೆ ಗೊತ್ತು. ಪೂರ್ತಿ ವೇಗದಲ್ಲಿ ಓಡಿ ಬಂದು ಅದನ್ನೇ ಮಾಡುವಾಗ, ನೆಲಕ್ಕೆ ಇಳಿಯುವ ಆ ಒಂಟಿ ಕಾಲು ಮೈತೂಕದ ಹತ್ತು ಪಟ್ಟಿಗೂ ಮೀರಿದ ಹೊರೆ ತಾಳಬೇಕಾಗುತ್ತದೆ. ನಡುವಿನ ಸ್ಟೆಪ್ ಮೂರರಲ್ಲಿ ಚಿಕ್ಕದು, ಒಟ್ಟು ದೂರದ ಶೇ 30ರ ಆಸುಪಾಸು. ಆದರೆ ಜಿಗಿತ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಹಾಪ್‌ನಲ್ಲಿ ಆಸೆಪಟ್ಟು ಎತ್ತರಕ್ಕೆ ಹೋದವನು ಸ್ಟೆಪ್‌ನಲ್ಲಿ ಕುಸಿಯುತ್ತಾನೆ. ಮೂರೂ ನೆಗೆತಗಳಿಗೆ ಶಕ್ತಿಯನ್ನು ಹಂಚಿ ಇಡುವ ಲೆಕ್ಕವೇ ಈ ವಿದ್ಯೆಯ ಗುಟ್ಟು.

ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಈ ನಿಯಮವೂ ಗಟ್ಟಿಯಾಗಿರಲಿಲ್ಲ. 1896ರ ಆಥೆನ್ಸ್‌ನಲ್ಲಿ ಗೆದ್ದ ಅಮೆರಿಕದ ಜೇಮ್ಸ್ ಕಾನೊಲಿ ಒಂದೇ ಕಾಲಿನ ಮೇಲೆ ಎರಡು ಸಲ ಕುಂಟಿ ಹಾರಿದವರು; ಅವರ ದೂರ 13.71 ಮೀಟರ್. ಆಮೇಲೆ ಈ ಆಟವನ್ನು ತಮ್ಮದಾಗಿಸಿಕೊಂಡವರು ಜಪಾನಿಯರು. 1928ರ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಿಕಿಯೊ ಒಡಾ 15.21 ಮೀಟರ್ ಹಾರಿ ಗೆದ್ದರು. ಏಷ್ಯಾದ ಆಟಗಾರನೊಬ್ಬ ವೈಯಕ್ತಿಕ ಸ್ಪರ್ಧೆಯಲ್ಲಿ ಗೆದ್ದ ಮೊದಲ ಒಲಿಂಪಿಕ್ ಚಿನ್ನ ಅದು. 1932ರಲ್ಲಿ ಚುಹೇ ನಂಬು, 1936ರ ಬರ್ಲಿನ್‌ನಲ್ಲಿ ನಾವೊಟೊ ತಾಜಿಮಾ. ತಾಜಿಮಾ ಅವರ 16.00 ಮೀಟರ್ ವಿಶ್ವದಾಖಲೆ 1948ರಲ್ಲೂ ಹಾಗೆಯೇ ನಿಂತಿತ್ತು. ಆ ವರ್ಷದ ಲಂಡನ್ ಒಲಿಂಪಿಕ್ಸ್‌ಗೆ ಯುದ್ಧ ಸೋತ ಜಪಾನ್, ಜರ್ಮನಿಗಳಿಗೆ ಕರೆ ಹೋಗಲಿಲ್ಲ. ಸೋವಿಯತ್ ಒಕ್ಕೂಟ ಇನ್ನೂ ಒಲಿಂಪಿಕ್ಸ್‌ಗೆ ಕಾಲಿಟ್ಟಿರಲಿಲ್ಲ. ಬ್ರೆಜಿಲ್‌ನ ಅಡೆಮಾರ್ ಡ ಸಿಲ್ವಾ ಅಂಗಳದಲ್ಲಿದ್ದರೂ ಅವರ ಕಾಲ ಇನ್ನೂ ಬಂದಿರಲಿಲ್ಲ. ತ್ರಿವಿಧ ಜಿಗಿತದ ಪದಕಕಟ್ಟೆ ಅಷ್ಟು ತೆರವಾಗಿದ್ದುದು ಆ ಒಂದು ಸಲ. ರೆಬೆಲೊ ಅವರ 15.29ರ ಬೆಲೆ ತಿಳಿಯುವುದು ಈ ಹಿನ್ನೆಲೆಯಲ್ಲಿ.

ಇನ್ನೊಂದು ಹಿನ್ನೆಲೆಯೂ ಇದೆ, ಅದು ದುಡ್ಡಿನದು. ಆಗಿನ ಒಲಿಂಪಿಕ್ಸ್ ಅಮೆಚೂರ್‌ಗಳಿಗೆ, ಅಂದರೆ ಆಟದಿಂದ ಕಾಸು ಮುಟ್ಟದವರಿಗೆ ಮಾತ್ರ ಮೀಸಲು. ಸಂಬಳ ತಗೊಂಡು ಬೇಸ್‌ಬಾಲ್ ಆಡಿದ್ದ ತಪ್ಪಿಗೆ ಜಿಮ್ ಥಾರ್ಪ್ ಅವರ 1912ರ ಎರಡು ಚಿನ್ನಗಳನ್ನು ಮರುವರ್ಷವೇ ಕಿತ್ತುಕೊಂಡಿದ್ದರು. ಈ ಅಳತೆಗೋಲಿನಲ್ಲಿ ಅಳೆದರೆ ಬಾಗಲಕೋಟೆ ಸೀಮೆಯ ಜಾತ್ರೆಯಲ್ಲಿ ಬೆಳ್ಳಿ ಕಡಗದ ಜೊತೆಗೆ ರೊಕ್ಕವನ್ನೂ ಪಡೆದ ಪೈಲ್ವಾನ ವೃತ್ತಿಪರನೇ ಆಗುತ್ತಿದ್ದ! ತೋಟ, ಆಸ್ತಿ, ಪುರುಸೊತ್ತು ಎಲ್ಲ ಇದ್ದ ದೊಡ್ಡಮನೆಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ನಿಯಮ ಅದು. ಹಳ್ಳಿಯ ಪದ್ಧತಿಯೇ ಹೆಚ್ಚು ಪ್ರಾಮಾಣಿಕವಾಗಿತ್ತು. ಮೈ ದುಡಿಸಿದವನಿಗೆ ಹಾಲು, ತುಪ್ಪಕ್ಕೆ ರೊಕ್ಕ ಬೇಕು ಎಂಬುದು ಅಲ್ಲಿ ಯಾರಿಗೂ ನಾಚಿಕೆಯ ಮಾತಾಗಿರಲಿಲ್ಲ.

ಮುಂಬೈ ಕರ್ನಾಟಕಕ್ಕೆ ಒಲಿಂಪಿಕ್ಸ್‌ನ ಪರಿಚಯ ಮೊದಲೇ ಆಗಿತ್ತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿಗರನ್ನು ಕಂಡ ದೊರಾಬ್ಜಿ ಟಾಟಾ, ಮರುವರ್ಷದ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ತಂಡವೊಂದನ್ನು ಕಳಿಸಲು ನಿಂತರು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಓಟಗಾರನಿಗೆ ಗುಂಡಿ ಬೇಡ, ಹಲಗೆ ಬೇಡ. ಹೊಲದ ದಾರಿಯೇ ಸಾಕು. ಅದಕ್ಕೇ ಈ ಸೀಮೆಯಿಂದ ಓಟಗಾರ ಹೊರಟ, ಪಕ್ಕದ ಸೀಮೆಯಿಂದ ಕುಸ್ತಿಪಟು ಹೊರಟ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ 1948ರಲ್ಲಿ ಲಂಡನ್‌ಗೆ ಹೋದದ್ದು ಕೊಲ್ಲಾಪುರದ ಮಹಾರಾಜರ ನೆರವಿನಿಂದ. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಗೆ ಹೊರಟಾಗ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು ಏಳು ಸಾವಿರ ರೂಪಾಯಿ ಹೊಂದಿಸಿದರು. ಜಾಧವ್ ಕಂಚು ತಂದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ. ಕುಸ್ತಿಯ ಹಿಂದೆ ಮಹಾರಾಜನಿದ್ದ, ಗರಡಿಯಿತ್ತು, ಮನೆ ಅಡವಿಡುವಷ್ಟು ಹುಚ್ಚಿದ್ದ ಮೇಷ್ಟರಿದ್ದರು. ತ್ರಿವಿಧ ಜಿಗಿತಕ್ಕೆ ಅಂಥ ಪರಂಪರೆಯ ನೆರಳೇ ಇರಲಿಲ್ಲ. ರೆಬೆಲೊ ಅವರ ಸಾಧನೆ ಬೆರಗು ಹುಟ್ಟಿಸುವುದು ಇದೇ ಕಾರಣಕ್ಕೆ.

ಲಂಡನ್ ಆಗ ಸೊರಗಿದ ಊರು. ಯುದ್ಧ ಮುಗಿದು ಮೂರು ವರ್ಷವಾದರೂ ರೇಷನ್ ಮುಗಿದಿರಲಿಲ್ಲ. ಆಟಗಾರರಿಗೆ ಬಂದರು ಕೂಲಿಗಳಿಗೆ, ಗಣಿ ಕೆಲಸಗಾರರಿಗೆ ಕೊಡುತ್ತಿದ್ದಷ್ಟು ಹೆಚ್ಚಿನ ಪಡಿತರ ಸಿಗುತ್ತಿತ್ತು. ಹೊಸ ಕ್ರೀಡಾಂಗಣ ಕಟ್ಟುವ ಮಾತೇ ಇಲ್ಲ. ನಾಯಿ ಓಟದ ಜೂಜು ನಡೆಯುತ್ತಿದ್ದ ವೆಂಬ್ಲಿಯಲ್ಲಿ ಇದ್ದಿಲ ಬೂದಿಯ ಟ್ರ್ಯಾಕ್ ಹಾಸಿದರು. ಹೊಸ ವಸತಿಯೂ ಇಲ್ಲ. ಗಂಡಸರನ್ನು ವಾಯುಪಡೆಯ ಶಿಬಿರಗಳಲ್ಲಿ, ಕಾಲೇಜುಗಳಲ್ಲಿ ಇಳಿಸಿದರು. 59 ದೇಶಗಳು ಬಂದಿದ್ದವು. ಸ್ವತಂತ್ರ ಭಾರತಕ್ಕೆ ಅದು ಮೊದಲ ಒಲಿಂಪಿಕ್ಸ್. ಫುಟ್‌ಬಾಲ್ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 1-2ರಿಂದ ಸೋತರು. ಹಾಕಿ ತಂಡ ಆಗಸ್ಟ್ 12ರಂದು ಬ್ರಿಟನ್ನನ್ನು ಅದರ ಅಂಗಳದಲ್ಲೇ 4-0 ಗೋಲುಗಳಿಂದ ಮಣಿಸಿತು. ಆ ಗೆಲುವಿನ ಬೆಳಕಿನಲ್ಲಿ ಆ ವರ್ಷದ ಉಳಿದ ಕಥೆಗಳೆಲ್ಲ ಮಸುಕಾದವು.

ತ್ರಿವಿಧ ಜಿಗಿತ ನಡೆದದ್ದು ಆಗಸ್ಟ್ 3ರಂದು. ರೆಬೆಲೊ ಅರ್ಹತಾ ಸುತ್ತು ದಾಟಿ ಫೈನಲ್ ಸೇರಿದರು. ಅಥ್ಲೆಟಿಕ್ಸ್‌ನಲ್ಲಿ ಭಾರತದ ಹುಡುಗನೊಬ್ಬನ ಮೇಲೆ ಪದಕದ ಕಣ್ಣು ಬಿದ್ದಿದ್ದು ಹೊಸ ಅನುಭವ. 1900ರಲ್ಲಿ ಕಲ್ಕತ್ತದ ನಾರ್ಮನ್ ಪ್ರಿಚರ್ಡ್ ಪ್ಯಾರಿಸ್‌ನಲ್ಲಿ ಎರಡು ಬೆಳ್ಳಿ ಗೆದ್ದದ್ದನ್ನು ಬಿಟ್ಟರೆ ಓಟ, ಜಿಗಿತ, ಎಸೆತಗಳ ಪದಕಪಟ್ಟಿಯಲ್ಲಿ ಭಾರತದ ಹೆಸರೇ ಇರಲಿಲ್ಲ. ಲಾಂಗ್ ಜಂಪಿಗೆ ದಲೀಪ್ ಸಿಂಗ್ 1924ರಲ್ಲಿ, 1928ರಲ್ಲಿ ಹೋಗಿ ಬಂದಿದ್ದರು, ಅಷ್ಟೇ.

ಫೈನಲ್‌ನ ಮೊದಲ ಜಿಗಿತಕ್ಕೆ ರೆಬೆಲೊ ಮೈ ಬಿಸಿಮಾಡಿಕೊಂಡು ಓಟದ ದಾರಿಯ ತುದಿಗೆ ಬಂದು ನಿಂತರು. ಅಷ್ಟರಲ್ಲಿ ಅಧಿಕಾರಿ ತಡೆದರು. ಬೇರೊಂದು ಸ್ಪರ್ಧೆಯ ಪದಕ ಪ್ರದಾನ ನಡೆಯಬೇಕಿತ್ತು. ಬಾವುಟ ಏರಿಸಿ, ರಾಷ್ಟ್ರಗೀತೆ ನುಡಿಸಿ, ಆ ವಿಧಿಯೆಲ್ಲ ಮುಗಿಯುವ ತನಕ ಯಾರೂ ಅಲುಗಾಡುವಂತಿಲ್ಲ. ಬೆಂಗಳೂರಿನ ಹವೆಯಲ್ಲಿ ಪಳಗಿದ ಮೈ ಲಂಡನ್ನಿನ ತಣ್ಣಗಿನ ಗಾಳಿಯಲ್ಲಿ ನಿಂತೇ ಇತ್ತು. ಮತ್ತೆ ಕರೆ ಬಂದಾಗ ಸ್ನಾಯುಗಳು ಬಿಗಿದಿದ್ದವು. ಒಂದೆರಡು ಸಲ ಓಡಿ ಮೈ ಸಡಿಲಿಸಿಕೊಳ್ಳಬೇಕಿತ್ತು, ಇಲ್ಲವೇ ಮೊದಲ ಜಿಗಿತವನ್ನು ಹಗುರವಾಗಿ ಮುಗಿಸಿ ಮುಂದಿನವುಗಳಿಗೆ ಶಕ್ತಿ ಉಳಿಸಬೇಕಿತ್ತು. ಹತ್ತೊಂಬತ್ತರ ಹುಡುಗ ಎರಡನ್ನೂ ಮಾಡಲಿಲ್ಲ. ಇದ್ದ ಬಲವೆಲ್ಲ ಹಾಕಿ ಓಡಿದರು. ಹಲಗೆಯ ಮೇಲೆ ಕಾಲಿಟ್ಟು ಚಿಮ್ಮುವಾಗ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಉಸುಕಿನಲ್ಲಿ ಬಿದ್ದವರನ್ನು ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋಗಬೇಕಾಯಿತು.

ಈಗಿನ ನಿಯಮದಲ್ಲಿ ಅಡ್ಡಿಯಾದ ಸ್ಪರ್ಧಿಗೆ ಸಮಯವನ್ನು ಹೊಸದಾಗಿ ಎಣಿಸಿ ಕೊಡುವ ಅಧಿಕಾರ ರೆಫ್ರಿಗೆ ಇದೆ. ಆಟಗಾರನ ಕಣ್ಣಿಗೆ ಬೀಳುವ ಹಾಗೆ ಗಡಿಯಾರವಿರುತ್ತದೆ. ಪ್ರೇಕ್ಷಕರ ಸಾಲಿನಲ್ಲಿ ಕೂತ ತರಬೇತುದಾರ ಕೈಸನ್ನೆಯಲ್ಲೇ ನಿಲ್ಲು ಎನ್ನುತ್ತಾನೆ, ಕುಣಿ ಎನ್ನುತ್ತಾನೆ. ವೆಂಬ್ಲಿಯಲ್ಲಿ ಆ ಹೊತ್ತು ಬೇಕಾಗಿದ್ದುದು ಅಂಥ ಒಂದು ಮಾತು ಮಾತ್ರ. ಗರಡಿಯಲ್ಲಿ ಹುಡುಗನ ಮೈಗೆ ಎಣ್ಣೆ ತಿಕ್ಕುವ ವಸ್ತಾದನಿಗೂ ಗೊತ್ತಿದ್ದ ಸಂಗತಿ ಅದು: ತಣಿದ ಮೈಗೆ ಪಟ್ಟು ಹಾಕಬೇಡ.

ಫಲಿತಾಂಶ ಹೀಗಿತ್ತು. ಸ್ವೀಡನ್ನಿನ ಆರ್ನೆ ಓಮಾನ್ 15.40 ಮೀಟರ್, ಚಿನ್ನ. ಆಸ್ಟ್ರೇಲಿಯದ ಜಾರ್ಜ್ ಏವರಿ ಅವರಿಗಿಂತ ನಾಲ್ಕು ಸೆಂಟಿಮೀಟರಿನಷ್ಟೇ ಹಿಂದೆ, ಬೆಳ್ಳಿ. ತುರ್ಕಿಯ ರೂಹಿ ಸರಿಯಾಲ್ಪ್ 15.02, ಕಂಚು. ರೆಬೆಲೊ ಅವರ ಹೆಸರಿನ ಮುಂದೆ ದೂರವೇ ಇಲ್ಲ.

ಅಂಕಿಗಳನ್ನು ಪಕ್ಕಪಕ್ಕ ಇಟ್ಟವರಿಗೆ ಕೈ ಹಿಸುಕಿಕೊಳ್ಳಬೇಕೆನಿಸುತ್ತದೆ. ಊರಲ್ಲಿ ಹಾರಿದ್ದ 15.29 ಅಲ್ಲಿಯೂ ಬಂದಿದ್ದರೆ ಕಂಚು ಖಂಡಿತ, ಇನ್ನು 11 ಸೆಂಟಿಮೀಟರ್ ಸೇರಿದ್ದರೆ ಚಿನ್ನದ ಸಮ. ಆದರೆ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಪರಿಚಿತ ಅಂಗಳದಲ್ಲಿ ಹಾರಿದ ಅತ್ಯುತ್ತಮ ದೂರ ಒಲಿಂಪಿಕ್ ಫೈನಲ್‌ನಲ್ಲೂ ಬಂದೀತು ಎನ್ನುವುದು ಆಸೆ. ಡ ಸಿಲ್ವಾ ಅಂಥವರಿಗೂ ಆ ದಿನ ಪದಕದ ಹತ್ತಿರ ಸುಳಿಯಲಾಗಲಿಲ್ಲ. ಮುಂದೆ 1952ರ ಹೆಲ್ಸಿಂಕಿಯಲ್ಲಿ ಅವರು 16.22 ಹಾರಿ ಚಿನ್ನ ಗೆದ್ದರು, 1956ರಲ್ಲಿ ಅದನ್ನು ಉಳಿಸಿಕೊಂಡರು. ಲಂಡನ್ನಿನಲ್ಲಿ ಎಡವಿದವರಿಗೆ ಎರಡನೆಯ, ಮೂರನೆಯ ಅವಕಾಶ ಸಿಕ್ಕಿತು. ರೆಬೆಲೊಗೆ ಸಿಗಲಿಲ್ಲ. ಅವರು ಮತ್ತೊಂದು ಒಲಿಂಪಿಕ್ಸ್ ಆಡಲಿಲ್ಲ.

ಭಾರತದ ಕ್ರೀಡಾ ಚರಿತ್ರೆಯಲ್ಲಿ ಕೈತಪ್ಪಿದ ಪದಕಗಳಿಗೆ ಒಂದು ಪ್ರತ್ಯೇಕ ಮರ್ಯಾದೆ ಇದೆ. 1960ರ ರೋಮ್‌ನಲ್ಲಿ ನಾಲ್ಕನೆಯವರಾದ ಮಿಲ್ಖಾ ಸಿಂಗ್, 1984ರ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ತಪ್ಪಿಸಿಕೊಂಡ ಪಿ.ಟಿ. ಉಷಾ ಅವರ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಸಾಲಿನಲ್ಲಿ ರೆಬೆಲೊ ಹೆಸರು ಬರುವುದು ಅಪರೂಪ. ನಾಲ್ಕನೇ ಸ್ಥಾನಕ್ಕೆ ಒಂದು ಸಂಖ್ಯೆಯಿದೆ, ಎಷ್ಟರಲ್ಲಿ ತಪ್ಪಿತೆಂದು ಬೆರಳಿನಲ್ಲಿ ತೋರಿಸಬಹುದು. ಖಾಲಿ ಬಿಟ್ಟ ಅಂಕಣಕ್ಕೆ ಮರುಗುವುದು ಜನಕ್ಕೆ ಕಷ್ಟ. ಕರ್ನಾಟಕದಲ್ಲೂ ಅವರ ಹೆಸರು ಹೆಚ್ಚು ಉಳಿದಿಲ್ಲ. ಕೊಂಚ ಮಟ್ಟಿಗೆ ಅದು ಆಟದ ಸ್ವಭಾವ. ತ್ರಿವಿಧ ಜಿಗಿತ ನೋಡಲು ಜಾತ್ರೆ ಸೇರುವುದಿಲ್ಲ, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಹಲಗೆ ಬಾರಿಸುತ್ತ ಊರು ಸುತ್ತಿಸುವುದಿಲ್ಲ.

ರೆಬೆಲೊ ಭಾರತೀಯ ವಾಯುಪಡೆ ಸೇರಿದರು, ಗ್ರೂಪ್ ಕ್ಯಾಪ್ಟನ್ ಹುದ್ದೆಯವರೆಗೆ ಏರಿದರು. ದಂಡು, ಪೊಲೀಸ್, ರೈಲ್ವೆಗಳೇ ಆ ಕಾಲದ ಅಥ್ಲೀಟ್‌ಗೆ ಅನ್ನದ ದಾರಿ. ಅಮೆಚೂರ್ ಎಂಬ ಬಿರುದೂ ಉಳಿಯಬೇಕು, ತಿಂಗಳ ಸಂಬಳವೂ ಬರಬೇಕು ಎಂದರೆ ಬೇರೆ ದಾರಿ ಇರಲಿಲ್ಲ. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು, 1953ರಲ್ಲಿ ರಾಜಕುಮಾರಿ ಅಮೃತ್ ಕೌರ್ ಹೆಸರಿನ ತರಬೇತಿ ಯೋಜನೆ ಶುರುವಾಯಿತು, 1961ರಲ್ಲಿ ಪಟಿಯಾಲಾದಲ್ಲಿ ತರಬೇತುದಾರರನ್ನು ತಯಾರುಮಾಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಾಗಿಲು ತೆರೆಯಿತು. ಇವೆಲ್ಲ ಬಂದದ್ದು ರೆಬೆಲೊ ಅವರ ಲಂಡನ್ ಜಿಗಿತದ ಬಳಿಕ. 1982ರ ದೆಹಲಿ ಏಷ್ಯಾಡ್‌ನ ಬಳಿಕ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ವಾಯುಪಡೆ ಬಿಟ್ಟ ರೆಬೆಲೊ ಅಲ್ಲಿ ನಿರ್ದೇಶಕರಾಗಿ ಕೆಲಸ ಮಾಡಿದರು. ತಮಗೆ ವೆಂಬ್ಲಿಯಲ್ಲಿ ಇಲ್ಲದಿದ್ದುದನ್ನೆಲ್ಲ ಮುಂದಿನವರಿಗೆ ಒದಗಿಸುವ ಕಚೇರಿ ಅದು. 2013ರ ಆಗಸ್ಟಿನಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಬಳಿಕ ಭಾರತದಲ್ಲಿ ಈ ಆಟ ನಿಧಾನವಾಗಿ ಬೆಳೆಯಿತು. 1958ರ ಟೋಕಿಯೊ ಏಷ್ಯನ್ ಕೂಟದಲ್ಲಿ ಮೊಹಿಂದರ್ ಸಿಂಗ್ 15.62 ಹಾರಿ ಚಿನ್ನ ಗೆದ್ದರು. 1970ರ ಬ್ಯಾಂಕಾಕ್‌ನಲ್ಲಿ ಮೊಹಿಂದರ್ ಸಿಂಗ್ ಗಿಲ್ 16.11. ಬೆಂಗಳೂರಿನ ನೆಲವೂ ಆಗಾಗ ಈ ಲೆಕ್ಕದಲ್ಲಿ ಹೆಸರು ಬರೆಸಿಕೊಂಡಿತು. 2016ರ ಜುಲೈನಲ್ಲಿ ರಂಜಿತ್ ಮಹೇಶ್ವರಿ 17.30 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದ್ದು ಅಲ್ಲಿಯೇ. ಲಾಂಗ್ ಜಂಪಿನಲ್ಲಿ 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದ ಅಂಜು ಬಾಬಿ ಜಾರ್ಜ್ ಬೆಂಗಳೂರನ್ನೇ ನೆಲೆ ಮಾಡಿಕೊಂಡರು. ಅವರಿಗೆ ತರಬೇತಿ ಕೊಟ್ಟ ಪತಿ ರಾಬರ್ಟ್ ಬಾಬಿ ಜಾರ್ಜ್ ಸ್ವತಃ ತ್ರಿವಿಧ ಜಿಗಿತದ ಆಟಗಾರ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಂತೂ ಕೇರಳದ ಎಲ್ದೋಸ್ ಪಾಲ್ 17.03, ಅಬ್ದುಲ್ಲಾ ಅಬೂಬಕರ್ 17.02 ಹಾರಿ ಮೊದಲ ಎರಡು ಪದಕಗಳನ್ನೂ ಮನೆಗೆ ತಂದರು.

ತುಳಸಿಗೇರಿ ಸೀಮೆಯ ಹುಡುಗನೊಬ್ಬ ಈಗ ಈ ವಿದ್ಯೆ ಕಲಿಯುತ್ತೇನೆಂದರೆ ಪುಣೆಗೋ ಪಟಿಯಾಲಾಕ್ಕೋ ಹೋಗಬೇಕಾಗಿಲ್ಲ. ಹುನಗುಂದ, ಇಳಕಲ್ ದಾಟಿ ಹೆದ್ದಾರಿ ಹಿಡಿದು ಕುಷ್ಟಗಿ, ಹೊಸಪೇಟೆಗಳ ಮೇಲೆ ಹಾಯ್ದರೆ ತೋರಣಗಲ್ಲು ಬರುತ್ತದೆ. ಉಕ್ಕಿನ ಕಾರ್ಖಾನೆಯ ಮಗ್ಗುಲಿನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಅಲ್ಲಿದೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡು ಸಲ ಬೆಳ್ಳಿ ಗೆದ್ದ ಕ್ಯೂಬಾದ ಯೊಆಂಡ್ರಿ ಬೆಟಾಂಜೋಸ್ ಅಲ್ಲಿ ಜಿಗಿತ ಕಲಿಸಿದರು. ಅವರ ಕೈಯಲ್ಲಿ ಪಳಗಿದ ತಮಿಳುನಾಡಿನ ಪ್ರವೀಣ್ ಚಿತ್ರವೇಲ್ 2023ರ ಮೇ ತಿಂಗಳಿನಲ್ಲಿ ಹವಾನಾದಲ್ಲಿ 17.37 ಮೀಟರ್ ಹಾರಿ ರಂಜಿತ್ ಅವರ ದಾಖಲೆ ಮುರಿದರು. ರೆಬೆಲೊ ಅವರ 50 ಅಡಿ 2 ಇಂಚಿಗಿಂತ ಅದು ಎರಡು ಮೀಟರಿಗೂ ಹೆಚ್ಚು ದೂರ.